ಅಳಬೇಡ, ಕೂಗೆಡ, ಕರಯಂಡ

ಕೇಳುಗರಿಗೆ ನಮಸ್ಕಾರ.

ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆಯ ಹವ್ಯಕರ ಮನೆಗಳಲ್ಲಿ, ಬಿದ್ದು ಮೊಣಕಾಲು ತರಚಿಕೊಂಡ ಮಗುವಿಗೆ ಅಜ್ಜಿ ಹೇಳುವುದು ‘ಕೂಗೆಡ’ ಎಂದು. ಅಂದರೆ ಅಳಬೇಡ. ಅದೇ ಮಗುವಿಗೆ ಶಾಲೆಯಲ್ಲಿ ಟೀಚರು ‘ಕೂಗಬೇಡ’ ಅಂದರೆ, ಅದು ಗದ್ದಲ ಮಾಡಬೇಡ ಎಂಬ ಮಾತು. ನಾನು ಅಳಲೇ ಇಲ್ಲವಲ್ಲ ಎಂದು ಮಗು ಕಣ್ಣುಕಣ್ಣು ಬಿಟ್ಟರೆ ತಪ್ಪು ಅದರದ್ದಲ್ಲ. ಒಂದನೆಯ ತರಗತಿಯಲ್ಲಿ ‘ಬೊಬ್ಬೆ ಹಾಕಬೇಡ’ ಅನ್ನುವುದು ಒಳ್ಳೆಯದು. ಈ ಮಾತು ಇಲ್ಲಿ ಎಲ್ಲರಿಗೂ ತಿಳಿಯುತ್ತದೆ.

ಪಕ್ಕದ ಮಲಯಾಳದ ಮನೆಯಲ್ಲಿ ಇದೇ ಮಾತು ‘ಕರಯಂಡ’. ಕನ್ನಡದ ಕಿವಿಗೆ ಅದು ‘ಕರೆಯಬೇಡ’ ಎಂದಂತೆ ಕೇಳುತ್ತದೆ. ನಮ್ಮಲ್ಲಿಯೂ ‘ಅತ್ತು ಕರೆದು’ ಎಂಬ ಜೋಡಿಮಾತಿನಲ್ಲಿ ಕರೆಯುವುದು ಅಳುವಿನ ಪಕ್ಕದಲ್ಲೇ ಕುಳಿತಿದೆ. ತುಳುವಿನಲ್ಲಿ ‘ಬುಲಿಪೊಡ್ಚಿ’. ಅಳುವ ಕ್ರಿಯೆಗೆ ಮನೆಮನೆಯಲ್ಲೂ ಬೇರೆ ಹೆಸರು. ಆದರೆ ತಡೆಯುವ ತುದಿಯಲ್ಲಿ ಕನ್ನಡದ ಬೇಡ, ಮಲಯಾಳದ ವೇಂಡ ಒಂದೇ ಬೇರಿನವು.

ಬರವಣಿಗೆಯಲ್ಲಿ ಎಡವುವುದು ಎಲ್ಲಿ? ಹೊಸದಾಗಿ ಕಲಿಯುವವರು ‘ಅಳುಬೇಡ’ ಎಂದು ಬರೆದುಬಿಡುತ್ತಾರೆ. ‘ಮಾಡು’ ಎಂಬುದು ‘ಮಾಡಬೇಡ’ ಆಗುವಂತೆ, ಅಳುವಿನ ಕೊನೆಯ ಉಕಾರ ಹೋಗಿ ‘ಅಳ’ ಉಳಿಯಬೇಕು. ಅಳದೆ, ಅಳದ, ಅಳಬಾರದು ಎಲ್ಲವೂ ಅದರಿಂದಲೇ. ಇದಕ್ಕಿಂತ ದೊಡ್ಡ ಅಪಾಯ ಇಕಾರದ್ದು. ‘ಅಳದ ಮಗು’ ಎಂದರೆ ಅಳದೇ ಇರುವ ಮಗು. ‘ಅಳಿದ ಮಗು’ ಎಂದರೆ ತೀರಿಕೊಂಡ ಮಗು! ಅಳುವಿನ ಭೂತಕಾಲ ‘ಅತ್ತ’, ‘ಅತ್ತಿತು’; ‘ಅಳಿತು’ ಎಂದು ಯಾವತ್ತೂ ಬರೆಯಬಾರದು. ಹಳಗನ್ನಡದಲ್ಲಿ ಅಳುವಿಗೆ ರಳ ಎಂಬ ಬೇರೆಯೇ ಅಕ್ಷರವಿತ್ತು, ‘ಅೞು’ ಎಂದು ಬರೆಯುತ್ತಿದ್ದರು. ತಮಿಳಿನಲ್ಲಿ ಆ ಅಕ್ಷರ ಈಗಲೂ ಉಳಿದಿದೆ.

ಇನ್ನು ಬಳಕೆ. ‘ಅಳಬೇಡ’ ಎದುರಿಗಿರುವ ಒಬ್ಬರಿಗೆ ಹೇಳುವ ಮಾತು. ‘ಅಳಬಾರದು’ ಊರಿಗೆಲ್ಲ ಹಾಕುವ ಕಟ್ಟಳೆ. ಗಂಡುಮಕ್ಕಳ ತಲೆಗೆ ತುಂಬುವುದು ಇದನ್ನೇ, ತುಂಬದಿದ್ದರೆ ಚೆನ್ನ. ‘ಅಳದಿರು’ ಹಾಡಿಗೆ ಒಪ್ಪುತ್ತದೆ, ಅಂಗಳದ ಮಾತಿಗಲ್ಲ. ಸಾವಿನ ಮನೆಯಲ್ಲಿ ಹೋದ ಕೂಡಲೇ ‘ಅಳಬೇಡಿ’ ಅಂದರೆ ಬಾಯಿ ಕಟ್ಟಿದಂತಾಗುತ್ತದೆ. ಮೊದಲು ಹತ್ತಿರ ಕುಳಿತುಕೊಳ್ಳಿ, ಅಳು ತಾನಾಗಿ ತಗ್ಗಿದ ಮೇಲೆ ‘ಸಮಾಧಾನ ಮಾಡಿಕೊಳ್ಳಿ’ ಅನ್ನಿ. ಮಕ್ಕಳ ಹತ್ತಿರ ಬರೀ ‘ಅಳಬೇಡ’ ಗದರಿಕೆಯಾಗಿ ಕೇಳುತ್ತದೆ. ‘ಕೂಗೆಡ ಮಗಾ’ ಎಂದು ಸ್ವರ ತಗ್ಗಿಸಿ, ಕೊನೆಯ ‘ಗಾ’ವನ್ನು ಸ್ವಲ್ಪ ಎಳೆದು ಹೇಳಿ.

ನಮಸ್ಕಾರ.