ಭಿಕ್ಷೆಯಲ್ಲ ಸ್ವಾಮಿ, ದುಡಿದ ಹಣ

ನಮಸ್ಕಾರ. ಇವತ್ತು ಕುಶಲ ಪ್ರಶ್ನೆಗಳಿಲ್ಲ, ನೇರವಾಗಿ ಜಗಳ. ಕಳೆದ ಸಂಚಿಕೆಯಲ್ಲಿ ಅಮೆರಿಕದ ಕಾಲೇಜು ಶುಲ್ಕದ ಬಗ್ಗೆ ಗೋಳಾಡುತ್ತಾ ಅಮೆರಿಕೋರ್ ಎಂಬ, ಸೇವೆ ಮಾಡಿದವರಿಗೆ ಓದಿನ ಖರ್ಚಿಗೆ ಹಣ ಕೊಡುವ ರಾಷ್ಟ್ರೀಯ ಸೇವಾ ಕಾರ್ಯಕ್ರಮದ ಹೆಸರನ್ನು ಒಮ್ಮೆ ಹೇಳಿದ್ದೆ. ಬರೆಯುವಾಗ ಅದರ ಕೊನೆಯಲ್ಲಿ ಪಿ ಮತ್ತು ಎಸ್ ಇರುತ್ತವೆ, ಹೇಳುವಾಗ ನುಂಗಿಬಿಡಬೇಕು. ದಯವಿಟ್ಟು ನನ್ನ ಉಚ್ಚಾರಣೆ ತಿದ್ದಲು ಯಾರೂ ಬರಬೇಡಿ. ಅಷ್ಟಕ್ಕೇ ಒಬ್ಬ ಮಹನೀಯರು ಕೆಳಗೆ ಬರೆದಿದ್ದಾರೆ: ‘ಅದು ಗತಿಯಿಲ್ಲದವರ ಮಕ್ಕಳಿಗೆ ಸರ್ಕಾರ ಹಾಕುವ ಭಿಕ್ಷೆ. ನಮ್ಮಂಥವರ ಮಕ್ಕಳಿಗೆ ಇದನ್ನೆಲ್ಲ ಏಕೆ ಹೇಳುತ್ತೀರಿ?’ ಅದಕ್ಕೆ ಮೆಚ್ಚುಗೆಯ ಹೆಬ್ಬೆರಳುಗಳು ಸಾಲಾಗಿ ಬಿದ್ದಿವೆ. ನನ್ನ ಇಡೀ ಸಂಚಿಕೆಗೆ ಅಷ್ಟು ಬಿದ್ದಿಲ್ಲ.

ಭಿಕ್ಷೆ! ಸರಿ, ಮೊದಲು ಆ ಭಿಕ್ಷೆಯ ವಿವರ ಕೇಳಿ.

1993ರ ಸೆಪ್ಟೆಂಬರ್‌ನಲ್ಲಿ ಬಿಲ್ ಕ್ಲಿಂಟನ್ ಸಹಿ ಹಾಕಿದ ಕಾಯಿದೆಯಿಂದ ಹುಟ್ಟಿದ್ದು ಇದು. ಮರುವರ್ಷ ಸುಮಾರು 20,000 ಜನರ ಮೊದಲ ತಂಡ ಪ್ರಮಾಣವಚನ ಸ್ವೀಕರಿಸಿ ಕೆಲಸಕ್ಕಿಳಿಯಿತು. ಬಡತನದ ವಿರುದ್ಧ 1965ರಿಂದಲೇ ನಡೆಯುತ್ತಿದ್ದ ವಿಸ್ಟಾ ಎಂಬ ಹಳೆಯ ಯೋಜನೆಯೂ ಇದರೊಳಗೆ ಸೇರಿಕೊಂಡಿತು. ಇಲ್ಲಿ ಮಾಡುವ ಕೆಲಸವೇನು? ಹಿಂದುಳಿದ ಬಡಾವಣೆಗಳ ಶಾಲೆಯಲ್ಲಿ ಮಕ್ಕಳಿಗೆ ಓದು ಕಲಿಸುವುದು, ಬಡವರಿಗೆ ಮನೆ ಕಟ್ಟುವುದು, ಕಾಡಿನಲ್ಲಿ ದಾರಿ ಕಡಿಯುವುದು, ನೆರೆ ಬಂದು ಹೋದ ಮನೆಯಿಂದ ಕೆಸರು ಎತ್ತುವುದು. 2011ರ ಮೇ ತಿಂಗಳಲ್ಲಿ ಮಿಸೌರಿಯ ಜಾಪ್ಲಿನ್ ಪಟ್ಟಣವನ್ನು ಸುಂಟರಗಾಳಿ ನೆಲಸಮ ಮಾಡಿದಾಗ ಅಲ್ಲಿಗೆ ಧಾವಿಸಿ, ದೇಶದ ಮೂಲೆಮೂಲೆಯಿಂದ ಬಂದ ಸ್ವಯಂಸೇವಕರಿಗೆಲ್ಲ ಕೆಲಸ ಹಂಚಿ ನಿಭಾಯಿಸಿದವರಲ್ಲಿ ಈ ಹುಡುಗ ಹುಡುಗಿಯರಿದ್ದರು.

ಪೂರ್ಣಾವಧಿ ಎಂದರೆ 1,700 ಗಂಟೆ. ಹತ್ತು, ಹನ್ನೆರಡು ತಿಂಗಳ ಕೆಲಸ. ನಡುವೆ ಹೊಟ್ಟೆಬಟ್ಟೆಗೆ ಒಂದು ಸಣ್ಣ ಜೀವನ ಭತ್ಯೆ. ಅವಧಿ ಮುಗಿಸಿದ ಮೇಲೆ ಶಿಕ್ಷಣಕ್ಕೆಂದು 7,395 ಡಾಲರ್. ಆ ಹಣ ನಿಮ್ಮ ಕೈಗೂ ಬರುವುದಿಲ್ಲ. ನೇರವಾಗಿ ಕಾಲೇಜಿಗೆ ಹೋಗುತ್ತದೆ, ಇಲ್ಲವೇ ಶಿಕ್ಷಣ ಸಾಲ ಕೊಟ್ಟವರಿಗೆ ಹೋಗುತ್ತದೆ. ಸರಿಯಾದ ಕಾರಣವಿಲ್ಲದೆ ನಡುವೆ ಬಿಟ್ಟು ಹೋದರೆ ಒಂದು ಡಾಲರ್ ಕೂಡ ಇಲ್ಲ. ಕೇಳಿಸಿತೇ? ಮುಗಿಸಿದರೆ ಉಂಟು, ಬಿಟ್ಟರೆ ಇಲ್ಲ. ಯಾವ ಊರಿನ ಭಿಕ್ಷೆ ಸ್ವಾಮಿ ಹೀಗಿರುತ್ತದೆ?

ಊರಿನಲ್ಲಿ ನಾವೆಲ್ಲ ಎನ್‌ಎಸ್‌ಎಸ್ ಮಾಡಿದವರು. ಎರಡು ವರ್ಷಕ್ಕೆ 240 ಗಂಟೆ, ಅದರ ಜೊತೆಗೆ ಏಳು ದಿನದ ಶಿಬಿರ. ಬೆಳಿಗ್ಗೆ ಚರಂಡಿ ತೆಗೆಯುವುದು, ಮಧ್ಯಾಹ್ನ ಚಿತ್ರಾನ್ನ, ಸಂಜೆ ಊರ ಗಣ್ಯರ ಭಾಷಣ ಮುಗಿಯುವವರೆಗೆ ಸೊಳ್ಳೆ ಹೊಡೆಯುವುದು. ಕೊನೆಗೆ ಒಂದು ಪ್ರಮಾಣಪತ್ರ. ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ ಅಪ್ಪಂದಿರಿದ್ದಾರೆ. ಅದೇ ಅಪ್ಪಂದಿರು ಈಗ ಅಟ್ಲಾಂಟಾದಲ್ಲೋ ಡಲ್ಲಾಸ್‌ನಲ್ಲೋ ಕುಳಿತು 1,700 ಗಂಟೆಯ ಕೆಲಸವನ್ನು ಭಿಕ್ಷೆ ಎನ್ನುತ್ತಾರೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ನಮ್ಮ ಅಜ್ಜಂದಿರ ಕಾಲದಲ್ಲಿ ಮೈಸೂರಿಗೋ ಧಾರವಾಡಕ್ಕೋ ಓದಲು ಹೋದ ಹುಡುಗರು ವಾರಾನ್ನ ಉಂಡು ಓದಿದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಉಚಿತ ವಿದ್ಯಾರ್ಥಿ ನಿಲಯಗಳಲ್ಲಿ ಮಲಗಿ, ಮಠಗಳ ದಾಸೋಹದಲ್ಲಿ ಉಂಡು ಇಂಜಿನಿಯರುಗಳಾದರು, ಮೇಷ್ಟ್ರುಗಳಾದರು. ಕನ್ನಡ ಕೂಟದ ಯುಗಾದಿ ಊಟದಲ್ಲಿ ಈ ಕಥೆ ಹೇಳದ ಮನೆತನವೇ ಇಲ್ಲ. ‘ನಮ್ಮ ತಾತ ವಾರಾನ್ನದಲ್ಲಿ ಓದಿದವರು’ ಎಂದು ಒಬ್ಬಟ್ಟಿನ ಮೇಲೆ ತುಪ್ಪ ಸುರಿದುಕೊಳ್ಳುತ್ತಾ ಹೇಳುತ್ತಾರೆ. ನಾನು ಆ ತಾತಂದಿರನ್ನು ಹಂಗಿಸುತ್ತಿಲ್ಲ, ಅವರಿಗೆ ಕೈಮುಗಿಯುತ್ತೇನೆ. ಆದರೆ ಅದು ಪೂರ್ತಿ ದಾನ, ಇದು ಪೂರ್ತಿ ದುಡಿಮೆ. ದಾನ ಪಡೆದ ತಾತನ ಚಿತ್ರಕ್ಕೆ ಗಂಧದ ಹಾರ. ದುಡಿದು ಪಡೆಯಲು ಹೊರಟ ಮೊಮ್ಮಗಳಿಗೆ ‘ಜನ ಏನೆಂದುಕೊಳ್ಳುತ್ತಾರೆ?’

ಈಗ ನನ್ನ ಬ್ರಹ್ಮಾಸ್ತ್ರ. ಈ ಹಣಕ್ಕೆ ಆದಾಯ ತೆರಿಗೆ ಇದೆ! ಹೌದು, ಬಳಸಿದ ವರ್ಷ ಆ ಮೊತ್ತ ನಿಮ್ಮ ಆದಾಯಕ್ಕೆ ಸೇರುತ್ತದೆ. ಬಡ ಕುಟುಂಬದ ವಿದ್ಯಾರ್ಥಿಗೆ ಸರ್ಕಾರ ಪೆಲ್ ಗ್ರಾಂಟ್ ಕೊಡುತ್ತದೆ; ಅದನ್ನು ಕಾಲೇಜಿನ ಶುಲ್ಕಕ್ಕೆ ಕಟ್ಟಿದರೆ ತೆರಿಗೆ ಇಲ್ಲ. ಸೈನ್ಯದಿಂದ ಬಂದವರ ಶಿಕ್ಷಣ ನೆರವಿಗೆ ತೆರಿಗೆ ಇಲ್ಲ. ಅಮೆರಿಕೋರ್ ಹಣಕ್ಕೆ ಮಾತ್ರ ಇದೆ. ಅಂದರೆ ತೆರಿಗೆ ಇಲಾಖೆಯೇ ಇದನ್ನು ಆದಾಯ ಎನ್ನುತ್ತಿದೆ, ಮಹನೀಯರು ಭಿಕ್ಷೆ ಎನ್ನುತ್ತಿದ್ದಾರೆ. ತೆರಿಗೆ ಇಲಾಖೆಗೆ ಕಂಡದ್ದು ಇವರಿಗೆ ಕಾಣಲಿಲ್ಲ. ಅಂದಹಾಗೆ ಈ ತೆರಿಗೆ ಶುದ್ಧ ಅನ್ಯಾಯ, ಇದನ್ನು ಕೂಡಲೇ ತೆಗೆಯಬೇಕು. ‘ತೆರಿಗೆಯನ್ನೇ ಸಾಕ್ಷಿ ಮಾಡಿಕೊಂಡು ತೆರಿಗೆಯನ್ನೇ ಬೈಯುತ್ತೀರಲ್ಲ’ ಎಂದು ಕೇಳುವವರಿದ್ದರೆ ಕೇಳಿಕೊಳ್ಳಿ. ನನಗೆ ಎರಡೂ ಬೇಕು.

ಇಲ್ಲಿ ಒಂದು ಸಣ್ಣ ವಿರಾಮ. ಈ ಸಂಚಿಕೆಗೆ ಪ್ರಾಯೋಜಕರಿಲ್ಲ. ಸಾರಿನ ಪುಡಿಯವರೊಬ್ಬರ ಜೊತೆ ಮಾತುಕತೆ ನಡೆಯುತ್ತಿದೆ. ಅವರು ಹಣದ ಬದಲು ಸಾರಿನ ಪುಡಿಯನ್ನೇ ಕೊಡುತ್ತೇವೆ ಎನ್ನುತ್ತಿದ್ದಾರೆ. ಅಲ್ಲಿಯವರೆಗೆ ಚಂದಾದಾರರಾಗಿ, ಗಂಟೆಯ ಗುರುತು ಒತ್ತಿ. ಅದೂ ಭಿಕ್ಷೆಯಲ್ಲ, ನಾನು ಇಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದೇನೆ.

ಆಕ್ಷೇಪಗಳು. ಮೊದಲನೆಯದು, ಲೆಕ್ಕದ ರಾಯರದು: 7,395 ಡಾಲರನ್ನು 1,700ರಿಂದ ಭಾಗಿಸಿದರೆ ಗಂಟೆಗೆ ನಾಲ್ಕು ಡಾಲರ್ ಮೂವತ್ತೈದು ಸೆಂಟ್, ಫೆಡರಲ್ ಕನಿಷ್ಠ ಕೂಲಿಯೇ ಏಳೂಕಾಲು ಡಾಲರ್ ಇರುವಾಗ ಇದು ಏನು ಗಳಿಕೆ? ಭಾಗಾಕಾರ ಸರಿಯಾಗಿದೆ ರಾಯರೇ, ಅಭಿನಂದನೆಗಳು. ಜೀವನ ಭತ್ಯೆಯನ್ನು ಬಿಟ್ಟು ಲೆಕ್ಕ ಹಾಕಿದ್ದೀರಿ, ಅದಿರಲಿ. ಕಡಿಮೆ ಎಂದು ನಾನೂ ಒಪ್ಪುತ್ತೇನೆ. 1994ರಲ್ಲಿ ಈ ಮೊತ್ತ 4,725 ಡಾಲರ್ ಇತ್ತು. 2009ರ ಕಾಯಿದೆ ಇದನ್ನು ಪೆಲ್ ಗ್ರಾಂಟಿನ ಗರಿಷ್ಠ ಮೊತ್ತಕ್ಕೆ ಜೋಡಿಸುವವರೆಗೆ ಒಂದು ಡಾಲರ್ ಏರಲಿಲ್ಲ. ಆ ಹದಿನೈದು ವರ್ಷಗಳಲ್ಲಿ ಕಾಲೇಜು ಶುಲ್ಕ ಎಲ್ಲಿಗೆ ಹೋಯಿತು, ನಿಮಗೇ ಗೊತ್ತು. ಆದರೆ ಕೂಲಿ ಕಡಿಮೆಯಾದರೆ ಅದು ಭಿಕ್ಷೆಯಾಗುತ್ತದೆಯೇ? ಕೂಲಿ ಕಡಿಮೆಯಾದರೆ ಅದು ಕಡಿಮೆ ಕೂಲಿ! ಜಗಳ ಮಾಡಬೇಕಾದದ್ದು ಕೊಡುವವರ ಜೊತೆ, ದುಡಿಯುವವರ ಜೊತೆ ಅಲ್ಲ.

ಎರಡನೆಯದು: ‘ಕರ್ನಾಟಕದಲ್ಲಿ ಎಂಬಿಬಿಎಸ್ ಮಾಡಿದವರಿಗೆಲ್ಲ ಕಡ್ಡಾಯ ಗ್ರಾಮೀಣ ಸೇವೆ ಇತ್ತಲ್ಲ, ಇದೂ ಅದೇ ತಾನೇ?’ ಅಲ್ಲ. 2012ರ ಆ ಕಾಯಿದೆ ಬಂದಾಗ ಮೊದಲು ಓದು, ಆಮೇಲೆ ಸೇವೆ, ತಪ್ಪಿಸಿಕೊಂಡರೆ ಲಕ್ಷಗಟ್ಟಲೆ ದಂಡ ಎಂದಿತ್ತು. ಅಲ್ಲಿ ಸೇವೆ ಎಂದರೆ ತೀರಿಸಬೇಕಾದ ಋಣವಾಗಿತ್ತು. ಇಲ್ಲಿ ಯಾರೂ ಕುತ್ತಿಗೆ ಹಿಡಿದು ಕಳಿಸುವುದಿಲ್ಲ. ಮೊದಲು ದುಡಿಮೆ, ಆಮೇಲೆ ಹಣ. ಋಣವೇ ಇಲ್ಲದ ಕಡೆ ಭಿಕ್ಷೆ ಎಲ್ಲಿಂದ ಬಂತು?

ಮೂರನೆಯದು: ‘ಒಂದು ವರ್ಷ ಹಾಳು.’ ಇದನ್ನು ಹೇಳುವವರ ಮನಸ್ಸಿನಲ್ಲಿರುವುದು ವಧೂವರರ ಮಾಹಿತಿ ಪತ್ರ. ಮುಂದೆ ಹೋಗೋಣ.

2025ರ ಏಪ್ರಿಲ್‌ನಲ್ಲಿ ಏನಾಯಿತು? ಸರ್ಕಾರದ ಖರ್ಚು ಕಡಿಯಲು ಹೊರಟ ವಾಷಿಂಗ್ಟನ್ನಿನ ಮಿತವ್ಯಯ ವೀರರು ಅಮೆರಿಕೋರ್‌ನ ಸುಮಾರು 40 ಕೋಟಿ ಡಾಲರ್ ಅನುದಾನವನ್ನು ಒಂದೇ ಏಟಿಗೆ ಕತ್ತರಿಸಿದರು. ವಿಪತ್ತು ಪರಿಹಾರದ ತಂಡಗಳಲ್ಲಿದ್ದ ಹುಡುಗರಿಗೆ ಗಂಟುಮೂಟೆ ಕಟ್ಟಿ ಮನೆಗೆ ಹೋಗಿ ಎಂದರು. 32,000ಕ್ಕೂ ಹೆಚ್ಚು ಜನರ ಕೆಲಸಕ್ಕೆ ಕುತ್ತು ಬಂತು. ರಾಜ್ಯಗಳು ನ್ಯಾಯಾಲಯಕ್ಕೆ ಹೋದವು. ಜೂನ್‌ನಲ್ಲಿ ಫೆಡರಲ್ ನ್ಯಾಯಾಧೀಶರು, ದಾವೆ ಹೂಡಿದ ರಾಜ್ಯಗಳ ಮಟ್ಟಿಗೆ, ಕಾರ್ಯಕ್ರಮಗಳನ್ನು ಮತ್ತೆ ನಡೆಸಬೇಕೆಂದು ಆದೇಶಿಸಿದರು. ಮಹನೀಯರೇ, ಭಿಕ್ಷುಕನನ್ನು ಯಾರಾದರೂ ಕೆಲಸದಿಂದ ವಜಾ ಮಾಡಿದ್ದನ್ನು ಕೇಳಿದ್ದೀರಾ? ವಜಾ ಮಾಡಲು ಮೊದಲು ಕೆಲಸ ಇರಬೇಕು! ಕೆಲಸ! ಕೆಲಸ!

ಕ್ಷಮಿಸಿ, ಪಕ್ಕದ ಕೋಣೆಯಲ್ಲಿ ಮಗು ಮಲಗಿದೆ. ಹೆಂಡತಿ ಬಾಗಿಲಿಗೆ ಬಂದು ನೋಡಿ ಹೋದಳು.

ಮಾತು ಎಲ್ಲಿಗೆ ಬಂತು? ಹಾಂ, ಅಜ್ಜ ಅಜ್ಜಿಯರು. ಇದನ್ನು ಹೇಳಲೇಬೇಕು, ಏಕೆಂದರೆ ನಮ್ಮ ಕೂಟಗಳಲ್ಲಿ ಯಾರೂ ಹೇಳುವುದಿಲ್ಲ. ಸೇವೆ ಶುರು ಮಾಡುವಾಗ 55 ವರ್ಷ ತುಂಬಿದ್ದರೆ, ಕೆಲವು ವಿಭಾಗಗಳಲ್ಲಿ ಗಳಿಸಿದ ಈ ಶಿಕ್ಷಣ ಹಣವನ್ನು ಮಗನಿಗೋ ಮೊಮ್ಮಗಳಿಗೋ ವರ್ಗಾಯಿಸಬಹುದು. ಅಮೆರಿಕದ ಪೌರರೇ ಆಗಬೇಕಿಲ್ಲ, ಕಾಯಂ ವಾಸಕ್ಕೆ ಅನುಮತಿ ಕೊಡುವ ಗ್ರೀನ್ ಕಾರ್ಡ್ ಇದ್ದರೂ ಸಾಕು. ಹಣ ಪಡೆಯುವ ಮಗುವಿಗೂ ಎರಡರಲ್ಲಿ ಒಂದು ಇರಬೇಕು. ಊರಿನಲ್ಲಿ ಮೂವತ್ತು ವರ್ಷ ಶಾಲಾ ಮೇಷ್ಟ್ರಾಗಿದ್ದ ಅಜ್ಜ ಇಲ್ಲಿ ನೆಲಮಾಳಿಗೆಯಲ್ಲಿ ಕುಳಿತು ಕನ್ನಡ ಧಾರಾವಾಹಿ ನೋಡುತ್ತಿದ್ದಾರೆ. ಅವರಿಗೆ ಮಕ್ಕಳಿಗೆ ಗಣಿತ ಹೇಳಿಕೊಡಲು ಬರುವುದಿಲ್ಲವೇ? ನಿಮ್ಮ ಕಾಲೇಜು ಉಳಿತಾಯದ ಹಾಳೆಯಲ್ಲಿ ಅಜ್ಜ ಎಂಬ ಸಾಲೇ ಇಲ್ಲ! ಅಜ್ಜ ದುಡಿದು ಮೊಮ್ಮಗಳ ಶುಲ್ಕ ಕಟ್ಟಿದರೆ ಅದನ್ನೂ ಭಿಕ್ಷೆ ಎನ್ನುತ್ತೀರಾ? ಅಜ್ಜನ ಎದುರಿಗೆ ಹೇಳಿ ನೋಡೋಣ.

ವೀಸಾದ ಮೇಲೆ ಇರುವ ಮಕ್ಕಳಿಗೆ ಇದು ಸಿಗುವುದಿಲ್ಲ. ಎರಡನೆಯ ತರಗತಿಯಿಂದ ಇಲ್ಲೇ ಓದಿ, ಅಪ್ಪನ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತೇ ಹದಿನೆಂಟು ತುಂಬಿದ ಹುಡುಗಿಯರು ನನಗೆ ಬರೆಯುತ್ತಾರೆ: ‘ಅಂಕಲ್, ನಾನು ಸೇರಬಹುದಾ?’ ಇಲ್ಲ ಮಗಳೇ. ಅವಳಿಗೆ ದುಡಿಯಲು ಮನಸ್ಸಿದೆ, ಬಾಗಿಲಿಲ್ಲ. ಬಾಗಿಲು ತೆರೆದಿರುವ ಮನೆಯವರು ಮೂಗು ಮುರಿಯುತ್ತಾ ನಿಂತಿದ್ದಾರೆ.

ನನ್ನ ಟಿಪ್ಪಣಿಯಲ್ಲಿ ಇನ್ನೂ ಎರಡು ಕಾರಣಗಳಿದ್ದವು. ಸಿಟ್ಟಿನಲ್ಲಿ ಹಾಳೆ ಎಲ್ಲೋ ಹೋಯಿತು. ಬೇಕಾಗಿಯೂ ಇಲ್ಲ. ದುಡಿದ ಹಣ, ಅಷ್ಟೇ. ಒಪ್ಪದವರು ಕೆಳಗೆ ಬರೆಯಿರಿ, ಉದ್ದವಾಗಿ ಬರೆಯಿರಿ, ಬೈದಾದರೂ ಬರೆಯಿರಿ. ನೀವು ಬೈದಷ್ಟೂ ವಾಹಿನಿ ಮೇಲೆ ಬರುತ್ತದೆ. ನಮ್ಮ ಕಾಫಿ ಲೋಟಗಳು ಇನ್ನೂ ಮಾರಾಟವಾಗದೆ ಉಳಿದಿವೆ. ಮುಂದಿನ ವಾರ ವಿಮಾನದಲ್ಲಿ ಉಪ್ಪಿನಕಾಯಿ ತರುವವರ ಕುರಿತು, ಅದರಲ್ಲೂ ಜಗಳವಿದೆ.

ಹಾಂ, ಈಗಾಗಲೇ ಸೇವೆ ಮುಗಿಸಿದವರಿಗೆ ಒಂದು ಮಾತು. ಮುಗಿಸಿದ ದಿನದಿಂದ ಏಳು ವರ್ಷದೊಳಗೆ ಆ ಹಣವನ್ನು ಬಳಸಬೇಕು, ಆಮೇಲೆ ಅದು ಹೋಯಿತೆಂದೇ ಲೆಕ್ಕ. ದುಡಿದು ಗಳಿಸಿದ್ದಕ್ಕೆ ಗಡುವು ಏಕೆ ಎಂದು ನನ್ನನ್ನು ಈಗ ಕೇಳಬೇಡಿ, ಮಗು ಎದ್ದಿದೆ.