ಮೊಟ್ಟೆಯ ಯಾವ ತುದಿ?

ಕೇಳುಗರಿಗೆ ನಮಸ್ಕಾರ. ನಮ್ಮ ಕೋಲಾರದ ಕಡೆ ರೇಷ್ಮೆ ಹುಳು ಮನೆಯಲ್ಲಿ ಸಂಜೆಯ ಸೊಪ್ಪು ಹಾಕುತ್ತಾ ರೇಡಿಯೊ ಕೇಳುವವರು ಬಹಳ ಜನ ಇದ್ದಾರೆ. ನಾನು ಮಾತಾಡುತ್ತಿರುವುದು ಅವರ ಜೊತೆ, ಮತ್ತೆ ಪಕ್ಕದಲ್ಲೇ ಕೂತು ಹೋಂವರ್ಕ್ ಬರೆಯುತ್ತಿರುವ ಅವರ ಮಕ್ಕಳ ಜೊತೆ.

ಗಲಿವರನ ಕಥೆ ನಿಮಗೆ ಗೊತ್ತು. ಹಡಗು ಒಡೆಯಿತು, ಈಜಿ ದಡ ಸೇರಿ ಮಲಗಿದ, ಕಣ್ಣು ಬಿಟ್ಟರೆ 6 ಇಂಚಿನ ಜನ ಅವನನ್ನು ದಾರದಲ್ಲಿ ನೆಲಕ್ಕೆ ಕಟ್ಟಿಹಾಕಿದ್ದಾರೆ. ಚಿತ್ರ ನೋಡಿರುತ್ತೀರಿ, ನಕ್ಕಿರುತ್ತೀರಿ, ಪುಸ್ತಕ ಮುಚ್ಚಿಟ್ಟಿರುತ್ತೀರಿ. ನನಗೆ ಬೇಜಾರಾಗುವುದು ಅದಕ್ಕೇ. ಅದು ಮಕ್ಕಳ ಕಥೆ ಅಲ್ಲ. ಬರೆದವರು ಜೊನಾಥನ್ ಸ್ವಿಫ್ಟ್, ಐರ್ಲೆಂಡಿನ ಡಬ್ಲಿನ್ ಊರಿನ ಸೇಂಟ್ ಪ್ಯಾಟ್ರಿಕ್ ಚರ್ಚಿನ ಮುಖ್ಯ ಪಾದ್ರಿ. ಪುಸ್ತಕ ಬಂದದ್ದು 1726ರಲ್ಲಿ, ಅದರ ಮೇಲೆ ಅವರ ಹೆಸರೇ ಇರಲಿಲ್ಲ. ಹಸ್ತಪ್ರತಿಯನ್ನು ಕತ್ತಲಲ್ಲಿ ಬಾಡಿಗೆ ಗಾಡಿಯಿಂದ ಪ್ರಕಾಶಕರ ಮನೆ ಬಾಗಿಲಿಗೆ ಹಾಕಿ ಹೋದರಂತೆ. ಮಕ್ಕಳ ಕಥೆಗೆ ಯಾರಾದರೂ ಇಷ್ಟು ಹೆದರುತ್ತಾರಾ?

ಕೆಲವು ಮನೆಗಳಲ್ಲಿ ಅತ್ತೆ ತನ್ನ ಮಗಳನ್ನು ಬೈಯುತ್ತಾಳೆ, ಆದರೆ ಆ ಮಾತು ಮುಟ್ಟಬೇಕಾದದ್ದು ಸೊಸೆಗೆ. ಸ್ವಿಫ್ಟ್ ಮಾಡಿದ್ದೂ ಅಷ್ಟೇ. ಬೈದದ್ದು ಆ 6 ಇಂಚಿನ ಜನರ ದೇಶ ಲಿಲಿಪುಟ್ಟನ್ನು, ಮುಟ್ಟಬೇಕಾಗಿದ್ದದ್ದು ಲಂಡನ್ನಿಗೆ. ಹಾಗಾಗಿ ಒಂದೊಂದು ಪುಟದಲ್ಲೂ ನೀವು ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಸೊಸೆ ಯಾರು?

ಮೊಟ್ಟೆ ಜಗಳವನ್ನೇ ತೆಗೆದುಕೊಳ್ಳಿ. ಲಿಲಿಪುಟ್ಟಿನಲ್ಲಿ ಮೊದಲು ಎಲ್ಲರೂ ಮೊಟ್ಟೆಯನ್ನು ದಪ್ಪ ತುದಿಯಿಂದ ಒಡೆಯುತ್ತಿದ್ದರು. ಈಗಿನ ರಾಜನ ತಾತ ಹುಡುಗನಾಗಿದ್ದಾಗ ಹಾಗೆ ಒಡೆಯಲು ಹೋಗಿ ಬೆರಳು ಕೊಯ್ದುಕೊಂಡ. ಅವನ ಅಪ್ಪ ಕೂಡಲೇ ಆಜ್ಞೆ ಹೊರಡಿಸಿದ, ಇನ್ನು ಮೇಲೆ ಎಲ್ಲರೂ ಚೂಪು ತುದಿಯಿಂದಲೇ ಒಡೆಯಬೇಕು, ತಪ್ಪಿದರೆ ಶಿಕ್ಷೆ. ಅದಕ್ಕೆ 6 ದಂಗೆ ಆಯಿತು, ಒಬ್ಬ ರಾಜ ಪ್ರಾಣ ಕಳೆದುಕೊಂಡ, ಇನ್ನೊಬ್ಬ ಕಿರೀಟ ಕಳೆದುಕೊಂಡ. ಚೂಪು ತುದಿ ಒಡೆಯುವುದಕ್ಕಿಂತ ಸಾಯುವುದೇ ವಾಸಿ ಅಂತ 11,000 ಜನ ಸತ್ತರು.

ಸೊಸೆ ಯಾರು? ದಪ್ಪ ತುದಿಯವರು ಕ್ಯಾಥೊಲಿಕರು, ಚೂಪು ತುದಿಯವರು ಪ್ರಾಟೆಸ್ಟೆಂಟರು, ಕ್ರೈಸ್ತರಲ್ಲೇ ಎರಡು ಪಂಗಡ. ಪ್ರಾಣ ಕಳೆದುಕೊಂಡವನು 1649ರಲ್ಲಿ ತಲೆ ಕಡಿಸಿಕೊಂಡ ಇಂಗ್ಲೆಂಡಿನ ರಾಜ ಒಂದನೇ ಚಾರ್ಲ್ಸ್. ಕಿರೀಟ ಕಳೆದುಕೊಂಡವನು 1688ರಲ್ಲಿ ದೇಶ ಬಿಟ್ಟು ಓಡಿದ ಎರಡನೇ ಜೇಮ್ಸ್. ದಪ್ಪ ತುದಿಯವರಿಗೆ ಆಶ್ರಯ ಕೊಟ್ಟ ಪಕ್ಕದ ದ್ವೀಪ ಅಂದರೆ ಫ್ರಾನ್ಸ್.

ನಾನು ಈ ಜಿಲ್ಲೆಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಒಂದು ದಿನ ಇದನ್ನು ಹೇಳುವಾಗ ಹಿಂದಿನ ಬೆಂಚಿನ ಹುಡುಗ ಎದ್ದು, "ಸಾರ್, ಮೊಟ್ಟೆಗೆಲ್ಲ ಯಾರು ಸಾರ್ ಜಗಳ ಆಡ್ತಾರೆ?" ಅಂದ. ಕ್ಲಾಸೆಲ್ಲ ನಕ್ಕಿತು. ಮುಂದೆ ಕೂತಿದ್ದ, ಯಾವತ್ತೂ ಬಾಯಿ ಬಿಡದ ಒಬ್ಬ ಹುಡುಗಿ, "ನಮ್ಮೂರಲ್ಲಿ ಆರತಿಗೆ ಆಡಿದ್ರು ಸಾರ್" ಅಂದಳು. ಹೇಳಮ್ಮ ಅಂದೆ. ಅವರೂರಿನ ಜಾತ್ರೆಯಲ್ಲಿ ಹೆಂಗಸರು ತಂಬಿಟ್ಟಿನ ಆರತಿ ಹೊತ್ತು ಅಮ್ಮನ ಗುಡಿಗೆ ಹೋಗುತ್ತಾರೆ. ಮೇಲಿನ ಬೀದಿ ಆರತಿ ಮೊದಲೋ, ಕೆಳಗಿನ ಬೀದಿದು ಮೊದಲೋ, ಅಷ್ಟೇ ಜಗಳ. 9 ವರ್ಷ ಜಾತ್ರೆ ನಿಂತಿತು. ಎರಡು ಬೀದಿಗಳ ನಡುವೆ ಹೆಣ್ಣು ಕೊಡುವುದು ತರುವುದು ನಿಂತಿತು. ಡೈರಿಗೆ ಹಾಲು ತರುವುದಕ್ಕೂ ಒಂದು ಬೀದಿಗೊಂದು ಹೊತ್ತು. ಕೆರೆಯ ತೂಬು ಕಿತ್ತುಹೋದಾಗ ಯಾರು ಯಾರ ಜಗಲಿಗೆ ಹೋಗಿ ಕೂರಬೇಕು ಅನ್ನುವುದೇ ತೀರ್ಮಾನ ಆಗಲಿಲ್ಲ, ಅಪರೂಪಕ್ಕೆ ತುಂಬಿದ್ದ ಕೆರೆ ಕಣ್ಣೆದುರೇ ಖಾಲಿ ಆಯಿತು. ನಮ್ಮ ಕಡೆ ಕೆರೆ ತುಂಬುವುದು ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಕ್ಲಾಸಿನಲ್ಲಿ ಆಮೇಲೆ ಯಾರೂ ನಗಲಿಲ್ಲ. ಆ ಹುಡುಗಿ ನನ್ನ ಹತ್ತಿರ ಪುಸ್ತಕ ತೆಗೆದುಕೊಂಡು ಹೋಗಿ, ರಾತ್ರಿ ಹೊತ್ತು ಒಂದೊಂದೇ ಪುಟ ಕನ್ನಡದಲ್ಲಿ ಅವರಜ್ಜಿಗೆ ಹೇಳಿದಳಂತೆ. ಮೊಟ್ಟೆಯ ಭಾಗ ಮುಗಿದಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, "ಇವನು ನಮ್ಮೂರಿಗೆ ಯಾವಾಗ ಬಂದಿದ್ದನಮ್ಮಾ?" ಅಂತ ಕೇಳಿದರಂತೆ. ಮೂವತ್ತು ವರ್ಷ ಪಾಠ ಮಾಡಿದ್ದೇನೆ, ಸ್ವಿಫ್ಟ್ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತು ನಾನು ಕೇಳಿಲ್ಲ. ಇಂಗ್ಲಿಷ್ ಬಾರದ ಆ ಅಜ್ಜಿಗೆ ಸೊಸೆ ಯಾರು ಅಂತ ಒಂದೇ ಸಲಕ್ಕೆ ಗೊತ್ತಾಯಿತು.

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಲಿಲಿಪುಟ್ಟಿನಲ್ಲಿ ದೊಡ್ಡ ಹುದ್ದೆ ಬೇಕಾದರೆ ಹಗ್ಗದ ಮೇಲೆ ಕುಣಿಯಬೇಕು, ಬೀಳದೆ ಎತ್ತರಕ್ಕೆ ನೆಗೆದವನಿಗೆ ಹುದ್ದೆ. ಎಲ್ಲರಿಗಿಂತ ಚೆನ್ನಾಗಿ ನೆಗೆಯುವ ಖಜಾನೆ ಮಂತ್ರಿ ಫ್ಲಿಮ್ನ್ಯಾಪ್ ಬೇರೆ ಯಾರೂ ಅಲ್ಲ, ಆಗಿನ ಪ್ರಧಾನಿ ರಾಬರ್ಟ್ ವಾಲ್ಪೋಲ್. ಅಲ್ಲಿ ಎರಡು ಪಕ್ಷ, ಎತ್ತರದ ಹಿಮ್ಮಡಿ ಚಪ್ಪಲಿಯವರು ಮತ್ತು ತಗ್ಗಿನ ಹಿಮ್ಮಡಿಯವರು. ಅಂದರೆ ಆಗಿನ ಇಂಗ್ಲೆಂಡಿನ ಎರಡು ಪಕ್ಷಗಳು, ಟೋರಿ ಮತ್ತು ವಿಗ್. ಯುವರಾಜ ಇಬ್ಬರಿಗೂ ಬೇಕಾದವನಾಗಲು ಒಂದು ಕಾಲಿಗೆ ಎತ್ತರ, ಒಂದು ಕಾಲಿಗೆ ತಗ್ಗು ಹಾಕಿಕೊಂಡು ಕುಂಟುತ್ತಾ ಓಡಾಡುತ್ತಾನೆ. ಮುಂದೆ ಎರಡನೇ ಜಾರ್ಜ್ ಆದವನು ಇವನೇ.

ಮೂರನೇ ಭಾಗದಲ್ಲಿ ಆಕಾಶದಲ್ಲಿ ತೇಲುವ ದ್ವೀಪ ಇದೆ, ರಾಜ ಅದರ ಮೇಲೆ ಇರುತ್ತಾನೆ. ಕೆಳಗಿನ ಊರು ಎದುರು ನಿಂತರೆ ದ್ವೀಪವನ್ನು ಆ ಊರಿನ ಮೇಲೆ ತಂದು ನಿಲ್ಲಿಸಿ ಬಿಸಿಲು, ಮಳೆ ಎರಡನ್ನೂ ತಡೆಯುತ್ತಾನೆ. ಲಿಂಡಲಿನೋ ಅನ್ನುವ ಊರಿನವರು ಮಾತ್ರ ಬಗ್ಗಲಿಲ್ಲ. ನಾಲ್ಕು ಗೋಪುರ ಕಟ್ಟಿ, ತುದಿಯಲ್ಲಿ ದ್ವೀಪವನ್ನೇ ಕೆಳಗೆ ಎಳೆಯುವ ಸೂಜಿಗಲ್ಲು ಇಟ್ಟು, ರಾಜನನ್ನೇ ಹೆದರಿಸಿದರು. ಆ ಹೆಸರಲ್ಲಿ 'ಲಿನ್' ಎರಡು ಸಲ ಬರುತ್ತದೆ. ಡಬಲ್ ಲಿನ್, ಡಬ್ಲಿನ್! ಇಂಗ್ಲೆಂಡು ತಮ್ಮ ಮೇಲೆ ಹೇರಲು ಹೊರಟ ತಾಮ್ರದ ಕಾಸನ್ನು ಐರ್ಲೆಂಡಿನ ಜನ ಬೇಡ ಅಂದಿದ್ದರು. ಆಗ ಅವರನ್ನು ಎಬ್ಬಿಸುವ ಪತ್ರಗಳನ್ನು 1724ರಲ್ಲಿ ಬೇರೆ ಹೆಸರಲ್ಲಿ ಬರೆದವರು ಇದೇ ಸ್ವಿಫ್ಟ್. ಬರೆದವರನ್ನು ಹಿಡಿದುಕೊಟ್ಟರೆ 300 ಪೌಂಡ್ ಬಹುಮಾನ ಅಂತ ಸಾರಿದರು, ಯಾರೂ ಹಿಡಿದುಕೊಡಲಿಲ್ಲ. ಲಿಂಡಲಿನೋ ಕಥೆ ಇರುವ ಆ ಪುಟ 1899ರ ತನಕ ಅಚ್ಚೇ ಆಗಲಿಲ್ಲ ಗೊತ್ತಾ!

ಪುಸ್ತಕಕ್ಕೆ ಒಟ್ಟು ನಾಲ್ಕು ಭಾಗ. ನಾಳೆ ಲೈಬ್ರರಿಗೆ ಹೋದರೆ ನಾಲ್ಕೂ ಇರುವುದನ್ನೇ ಕೇಳಿ. ಕುಳ್ಳ ಜನರ ಊರಿಗೇ ಮುಗಿಸಿದ್ದರೆ ಅದನ್ನು ವಾಪಸ್ ಕೊಟ್ಟು ಇನ್ನೊಂದು ಹುಡುಕಿಸಿ, ಸಂಕೋಚ ಬೇಡ. ನಮಸ್ಕಾರ.