ಮೂರು ಏಳುಗಳ ಚಾಳಿ

ವೇದಿಕೆಯ ಮೇಲಿರುವ ಹಿರಿಯರೇ, ಬಿಸಿಲನ್ನು ಲೆಕ್ಕಿಸದೆ ನವನಗರದ ಈ ಸಭಾಂಗಣಕ್ಕೆ ಬಂದಿರುವ ಲ್ಯಾಬ್ ಸಹಾಯಕರೇ, ಕಚೇರಿಗಳ ಸರ್ವರ್ ನೋಡಿಕೊಳ್ಳುವ ಮಿತ್ರರೇ, ವಿದ್ಯಾರ್ಥಿಗಳೇ,

ಕಂಪ್ಯೂಟರನ್ನು ನಡೆಸುವ ಲಿನಕ್ಸ್ ವ್ಯವಸ್ಥೆ ನಿಮಗೆ ಹೊಸದಲ್ಲ. ಫೈಲಿನ ಅನುಮತಿಯಲ್ಲಿ ಓದಲು ನಾಲ್ಕು, ಬರೆಯಲು ಎರಡು, ಚಲಾಯಿಸಲು ಒಂದು, ಇವನ್ನು ಕೂಡಿಸಿ ಒಡೆಯ, ಗ್ರೂಪ್, ಇತರರು ಎಂಬ ಮೂವರಿಗೂ ಒಂದೊಂದು ಅಂಕಿ ಎಂಬ ಪಾಠವನ್ನು ನಾನಿಲ್ಲಿ ಮತ್ತೆ ಒಪ್ಪಿಸುವುದಿಲ್ಲ. ಪರದೆಯ ಮೇಲೆ ‘ಪರ್ಮಿಷನ್ ಡಿನೈಡ್’ (ಅನುಮತಿ ಇಲ್ಲ) ಎಂದು ಕಂಡ ಕೂಡಲೇ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಹೊಡೆಯುವ ಚಾಳಿಯನ್ನು ನಾವು ಬಿಡಬೇಕು ಎಂದು ಹೇಳಲು ಬಂದಿದ್ದೇನೆ. ಆ ಸಂದೇಶ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ, ಈ ಫೈಲಿನ ಕೆಲಸ ಯಾರ ಯಾರದು ಎಂಬುದು. ಅದಕ್ಕೆ ಉತ್ತರ ಕೊಡುವುದು ಗ್ರೂಪ್, ಅಂದರೆ ಒಂದೇ ಕೆಲಸದ ಬಳಕೆದಾರರ ಗುಂಪು. ಲಿನಕ್ಸಿಗೆ ಮಾದರಿಯಾದ, ಬೆಲ್ ಲ್ಯಾಬ್ಸ್‌ನ ಯುನಿಕ್ಸಿಗೆ 1971ರಲ್ಲಿ ಬಂದ ಮೊದಲ ಕೈಪಿಡಿಯಲ್ಲಿ ಒಡೆಯ ಮತ್ತು ಇತರರು ಎಂಬ ಎರಡೇ ವರ್ಗಗಳಿದ್ದವು. ಗ್ರೂಪ್ ಆಮೇಲೆ, ಅದೇ ದಶಕದಲ್ಲಿ ಸೇರಿತು. ಅಷ್ಟು ಹಿಂದೆಯೇ ಕೈಗೆ ಬಂದ ಸೌಲಭ್ಯವನ್ನು ನಾವಿನ್ನೂ ಸರಿಯಾಗಿ ಬಳಸುತ್ತಿಲ್ಲ ಎಂಬುದೇ ನನ್ನ ಸಂಕಟ.

ಈ ಜಿಲ್ಲೆಯ ಒಂದು ಸಂಸ್ಥೆಯಲ್ಲಿ ಹಳೆಯ ಕೈಬರಹದ ಕಡತಗಳನ್ನು ಸ್ಕ್ಯಾನ್ ಮಾಡಿ ಸರ್ವರ್‌ಗೆ ಹಾಕುವ ಕೆಲಸ ನಡೆದಿತ್ತು. ಒಬ್ಬರು ಹಾಕಿದ ಚಿತ್ರಕ್ಕೆ ಇನ್ನೊಬ್ಬರು ಹೆಸರು ತಿದ್ದಲು ಬರುತ್ತಿರಲಿಲ್ಲ. ಅಲ್ಲಿದ್ದ ತರುಣನೊಬ್ಬ, ಎಲ್ಲರಿಗೂ ಅನುಕೂಲವಾಗಲೆಂಬ ಒಳ್ಳೆಯ ಮನಸ್ಸಿನಿಂದಲೇ, ಹೋಮ್ ಡೈರೆಕ್ಟರಿಯ (ಬಳಕೆದಾರರ ಫೈಲುಗಳಿರುವ ಜಾಗದ) ಮೇಲಿನಿಂದ ಕೆಳಗಿನವರೆಗೆ, ಅನುಮತಿ ಬದಲಿಸುವ ಕಮಾಂಡ್ ಆದ ಸಿಎಚ್‌ಮಾಡ್ 777 ಓಡಿಸಿದ. ಆ ಸಂಜೆ ಎಲ್ಲರ ಕೆಲಸವೂ ಸಲೀಸಾಯಿತು. ಮರುದಿನ ಬೆಳಿಗ್ಗೆ ವಿಜಯಪುರದಿಂದ ಪಾಸ್‌ವರ್ಡ್ ಬದಲು ಕೀಲಿ ಫೈಲ್ ಬಳಸಿ, ದೂರದಿಂದ ಸರ್ವರ್ ಪ್ರವೇಶಿಸುವ ಎಸ್‌ಎಸ್‌ಎಚ್ ಮೂಲಕ ಒಳಬರುತ್ತಿದ್ದವರಿಗೆ ಸರ್ವರ್ ಪ್ರವೇಶ ಕೊಡಲಿಲ್ಲ. ನೆಟ್‌ವರ್ಕ್ ನೋಡಿದರು, ಕೇಬಲ್ ಬದಲಿಸಿದರು, ಹೊಸ ಕೀಲಿಯನ್ನೂ ಮಾಡಿದರು. ಕೊನೆಗೆ ಸರ್ವರಿನ ದಾಖಲೆಯಾದ ಲಾಗ್ ತೆರೆದು ನೋಡಿದಾಗ, ಡೈರೆಕ್ಟರಿಯ ಒಡೆತನವೋ ಮೋಡೋ (ಅನುಮತಿಯ ಅಂಕಿಯೋ) ಸರಿಯಿಲ್ಲವಾದ್ದರಿಂದ ಗುರುತನ್ನು ಒಪ್ಪಿಲ್ಲವೆಂಬ ಸಾಲು ಅಲ್ಲಿಯೇ ಇತ್ತು. ಒಪ್ಪಿದ ಕೀಲಿಗಳ ಪಟ್ಟಿಯನ್ನು ಯಾರು ಬೇಕಾದರೂ ತಿದ್ದಬಹುದಾದರೆ ಅದನ್ನು ಎಸ್‌ಎಸ್‌ಎಚ್ ನಂಬುವುದಿಲ್ಲ, ನಂಬಬಾರದು ಕೂಡ. ಹೋಮ್ ಡೈರೆಕ್ಟರಿಗೆ 755, ಒಳಗಿನ ಕೀಲಿಗಳ ಡೈರೆಕ್ಟರಿಗೆ 700, ಪಟ್ಟಿಗೆ 600 ಕೊಟ್ಟಾಗ ಬಾಗಿಲು ತೆರೆಯಿತು. ಉಳಿದ ಫೈಲುಗಳ ಮೊದಲಿನ ಅನುಮತಿ ಏನಿತ್ತೆಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ, ಏಕೆಂದರೆ ಸಿಎಚ್‌ಮಾಡ್ ಹಳೆಯ ಮೋಡನ್ನು ಎಲ್ಲಿಯೂ ಬರೆದಿಡುವುದಿಲ್ಲ.

ಅಲ್ಲಿ ಮಾಡಬೇಕಿದ್ದುದು ಇಷ್ಟೇ. ಗ್ರೂಪ್‌ಆ್ಯಡ್ ಕಮಾಂಡ್‌ನಿಂದ ‘ಕಡತ’ ಎಂಬ ಗ್ರೂಪ್ ಮಾಡಿ, ಯೂಸರ್‌ಮಾಡ್‌ನಿಂದ ಸಿಬ್ಬಂದಿಯನ್ನು ಅದಕ್ಕೆ ಸೇರಿಸಬೇಕಿತ್ತು. ಹೀಗೆ ಸೇರಿಸುವಾಗ ಕಮಾಂಡಿನಲ್ಲಿ ದೊಡ್ಡ ಜಿ (-G) ಜೊತೆಗೆ ಸಣ್ಣ ಎ (-a) ಇರಲೇಬೇಕು. ಆ ಎ ಬಿಟ್ಟರೆ ಹೊಸ ಗ್ರೂಪ್ ಸೇರುತ್ತದೆ, ಆದರೆ ಆ ವ್ಯಕ್ತಿ ಹೆಚ್ಚುವರಿಯಾಗಿ ಸೇರಿದ್ದ ಹಳೆಯ ಗ್ರೂಪ್‌ಗಳೆಲ್ಲ ಕಳಚಿಹೋಗುತ್ತವೆ. ಸುಡೋ, ಅಂದರೆ ನಿರ್ವಾಹಕರ ಅಧಿಕಾರವಿದ್ದವರು ಅದನ್ನೂ ಕಳೆದುಕೊಳ್ಳಬಹುದು. ಸೇರಿಸಿದ ಮೇಲೆ ಅವರು ಲಾಗ್‌ಔಟ್ ಆಗಿ ಮತ್ತೆ ಒಳಬರಬೇಕು, ಇಲ್ಲವಾದರೆ ಅವರ ಗ್ರೂಪ್‌ಗಳನ್ನು ತೋರಿಸುವ ಐಡಿ ಕಮಾಂಡ್ ಹಳೆಯ ಪಟ್ಟಿಯನ್ನೇ ತೋರಿಸುತ್ತದೆ.

ಬಳಿಕ ಹಂಚಿಕೆಯ ಡೈರೆಕ್ಟರಿಯನ್ನು ಆ ಗ್ರೂಪಿಗೆ ಒಪ್ಪಿಸಿ, 2770 ಕೊಡಬೇಕು. ಮುಂದಿರುವ ‘2’ ಎಂಬ ಅಂಕಿಯೇ ಇಲ್ಲಿಯ ಜೀವಾಳ. ಅದಿದ್ದರೆ ಒಳಗೆ ಹುಟ್ಟುವ ಪ್ರತಿ ಫೈಲೂ ‘ಕಡತ’ ಗ್ರೂಪಿಗೇ ಸೇರುತ್ತದೆ, ಒಳಡೈರೆಕ್ಟರಿಗಳಿಗೂ ಅದೇ ಗುಣ ಬರುತ್ತದೆ. ಆದರೆ ಹೊಸ ಫೈಲಿನಿಂದ ಕೆಲವು ಅನುಮತಿಗಳನ್ನು ಕಳೆಯುವ ಯೂಮಾಸ್ಕ್ 022 ಇದ್ದಲ್ಲಿ ಹೊಸ ಫೈಲಿನ ಮೇಲೆ ಗ್ರೂಪಿಗೆ ಬರೆಯುವ ಅನುಮತಿಯೇ ಇರುವುದಿಲ್ಲ. ಎಲ್ಲ ಸರಿ ಮಾಡಿದ್ದೇವೆ ಎಂದುಕೊಂಡವರು ಎಡವುವುದು ಇಲ್ಲಿಯೇ. ಯೂಮಾಸ್ಕನ್ನು 007 ಮಾಡಿ. ಬೇರೆ ಕಡೆಯಿಂದ ಎಂವಿ (ಸ್ಥಳಾಂತರ) ಮಾಡಿ ತಂದ ಫೈಲು ತನ್ನ ಹಳೆಯ ಗ್ರೂಪನ್ನೇ ಹೊತ್ತು ಬರುತ್ತದೆ ಎಂಬುದೂ ನೆನಪಿರಲಿ.

ಇನ್ನೊಂದು ಮಾತು ವಿದ್ಯಾರ್ಥಿಗಳಿಗೆ. ಫೈಲಿಗೆ 444 ಕೊಟ್ಟರೆ ಅದನ್ನು ಯಾರೂ ಅಳಿಸಲಾರರು ಎಂಬ ನಂಬಿಕೆ ತಪ್ಪು. ಡೈರೆಕ್ಟರಿ ಒಂದು ಹಾಜರಿ ಪುಸ್ತಕದಂತೆ. ಪುಸ್ತಕದಲ್ಲಿ ಬರೆಯಬಲ್ಲವನು ಯಾರ ಹೆಸರನ್ನಾದರೂ ಹೊಡೆದುಹಾಕಬಲ್ಲ. ಎಲ್ಲರ ತಾತ್ಕಾಲಿಕ ಫೈಲುಗಳಿರುವ ಟಿಎಂಪಿ ಡೈರೆಕ್ಟರಿಗೆ 1777 ಇರುವುದು ಇದೇ ಕಾರಣಕ್ಕೆ. ಮುಂದೆ ಆ ‘1’ ಇರುವುದರಿಂದ ಅಲ್ಲಿ ಒಬ್ಬರ ಫೈಲನ್ನು ಇನ್ನೊಬ್ಬ ಸಾಮಾನ್ಯ ಬಳಕೆದಾರ ಅಳಿಸಲಾರ.

ಸಮಯವಾಯಿತೆಂಬ ಚೀಟಿ ಬಂದಿದೆ. ಎಸಿಎಲ್, ಅಂದರೆ ಬೇರೆ ಬೇರೆ ಬಳಕೆದಾರರು ಮತ್ತು ಗ್ರೂಪ್‌ಗಳ ಅನುಮತಿ ಪಟ್ಟಿಯ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ. ಒಂದೇ ಡೈರೆಕ್ಟರಿಗೆ ಎರಡು ಗ್ರೂಪ್‌ಗಳು ಬೇರೆ ಬೇರೆ ಅಧಿಕಾರದಿಂದ ಬರಬೇಕಾದಾಗ ಆ ಪಟ್ಟಿ ಬರೆಯುವ ಸೆಟ್‌ಎಫ್‌ಎಸಿಎಲ್ ಕಮಾಂಡ್ ಬೇಕಾಗುತ್ತದೆ ಎಂದಷ್ಟೇ ಹೇಳುತ್ತೇನೆ. ಪಕ್ಕದ ಲ್ಯಾಬಿನಲ್ಲಿ ಯಂತ್ರಗಳು ಚಾಲೂ ಇವೆ. ಚಹಾ ಮುಗಿಸಿ ಅಲ್ಲಿಗೆ ಬನ್ನಿ. ಎಲ್ಲರೂ ತಿದ್ದಬಹುದಾದ ಫೈಲುಗಳು ಎಷ್ಟಿವೆ ಎಂಬುದನ್ನು ಫೈಂಡ್ ಕಮಾಂಡ್‌ನಿಂದ ಹುಡುಕಿ, ಒಂದೊಂದಕ್ಕೂ ಸರಿಯಾದ ಗ್ರೂಪ್ ಯಾವುದೆಂದು ಕೂಡಿ ನಿರ್ಧರಿಸೋಣ.